ಮೆಕ್ಸಿಕನ್ ರುಚಿಯ ಚೀಸ್‌ಬರ್ಗರ್: ಬನ್ ಮುದ್ದೆಯಾಗದ ಹಾಗೆ ಮನೆಯಲ್ಲೇ ಮಾಡುವ ಬಗೆ

ಈ ಬರ್ಗರ್ ಬಗ್ಗೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸಾಲ್ಸಾ ಹಾಕಿದೆ, ಗ್ವಾಕಮೋಲೆ ಹಾಕಿದೆ, ಖಾರದ ಸಾಸೂ ಹಾಕಿದೆ. ಎರಡು ತುತ್ತು ತಿನ್ನುವಷ್ಟರಲ್ಲಿ ಬನ್ ಮುದ್ದೆಯಾಗಿ ಒಳಗಿದ್ದದ್ದೆಲ್ಲ ತಟ್ಟೆಗೆ ಜಾರಿತು. ಎಲ್ಲಿ ತಪ್ಪಿದೆ?"

ತಪ್ಪಿದ್ದು ನೀರಿನ ಲೆಕ್ಕದಲ್ಲಿ. ಮಾಮೂಲಿ ಚೀಸ್‌ಬರ್ಗರ್‌ನಲ್ಲಿ ಒದ್ದೆ ಪದಾರ್ಥ ಅಂದರೆ ಒಂದು ಬಿಲ್ಲೆ ಟೊಮೆಟೊ, ಒಂದಿಷ್ಟು ಸಾಸ್. ಇಲ್ಲಿ ಹಾಗಲ್ಲ. ಸಾಲ್ಸಾ ಅಂದರೆ ಟೊಮೆಟೊದ ಖಾರದ ಗೊಜ್ಜು, ಗ್ವಾಕಮೋಲೆ ಬೆಣ್ಣೆಹಣ್ಣಿನ ಗೊಜ್ಜು. ಹೆಚ್ಚಿದ ಟೊಮೆಟೊ, ನಿಂಬೆರಸ, ಬೆಣ್ಣೆಹಣ್ಣು, ವಿನೆಗರ್‌ನಲ್ಲಿ ನೆನೆದ ಈರುಳ್ಳಿ... ಹಾಕುವುದೆಲ್ಲ ನೀರೇ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಒಂದು ಕಣ್ಣು ನೀರಿನ ಮೇಲಿರಲಿ.

ಇನ್ನೊಂದು ಮಾತು. ಇದು ಮೆಕ್ಸಿಕೋದ ಹಳೆಯ ಅಡುಗೆಯೇನಲ್ಲ, ಅಲ್ಲಿನ ರುಚಿಗಳನ್ನು ಬರ್ಗರ್‌ಗೆ ತರುವ ಪ್ರಯತ್ನ. ಮೆಕ್ಸಿಕೋದ ಬೀದಿಬದಿಯಲ್ಲೂ ಬರ್ಗರ್ ಸಿಗುತ್ತದೆ. ಅಲ್ಲಿ ಅದರ ಹೆಸರು ಆಂಬುರ್ಗೇಸಾ. ಮಾಂಸ ಮತ್ತು ಚೀಸ್ ಜೊತೆ ಹ್ಯಾಮ್, ಬೆಣ್ಣೆಹಣ್ಣು, ವಿನೆಗರ್‌ನಲ್ಲಿ ನೆನೆಹಾಕಿದ ಮೆಣಸಿನಕಾಯಿ, ಕೆಲವೊಮ್ಮೆ ಸುಟ್ಟ ಅನಾನಸ್ ಬಿಲ್ಲೆಯನ್ನೂ ಇಡುತ್ತಾರೆ. ನಾವು 'ಮೆಕ್ಸಿಕನ್' ಅಂದುಕೊಳ್ಳುವ ಜೀರಿಗೆ ಘಮ, ಹಳದಿ ಚೀಸ್‌ನ ಹೊಳೆ ಇವೆಲ್ಲ ಹೆಚ್ಚಾಗಿ ಟೆಕ್ಸಾಸ್ ಕಡೆಯ ಟೆಕ್ಸ್-ಮೆಕ್ಸ್ ಅಡುಗೆಯಿಂದ ಬಂದದ್ದು. ಅದೂ ಚೆನ್ನಾಗೇ ಇರುತ್ತದೆ. ಆದರೆ ಇಲ್ಲಿ ನಾನು ಜೀರಿಗೆಯನ್ನು ಸ್ವಲ್ಪ ಕಡಿಮೆಯೇ ಹಾಕಿದ್ದೇನೆ.

ಏನೇನು ಬೇಕು (4 ಬರ್ಗರ್‌ಗೆ)

- ಖೀಮಾ 600 ಗ್ರಾಂ, ಸುಮಾರು 20 ಶೇಕಡ ಕೊಬ್ಬಿರುವುದು
- ಚೆನ್ನಾಗಿ ಕರಗುವ ಚೀಸ್ 120ರಿಂದ 150 ಗ್ರಾಂ
- ಬನ್ 4
- ಬೇಯಿಸಿದ ಕಪ್ಪು ಬೀನ್ಸ್ ಅಥವಾ ಪಿಂಟೊ ಬೀನ್ಸ್ 1 ಕಪ್
- ಅಡೋಬೊದಲ್ಲಿರುವ ಚಿಪೋಟ್ಲೆ 2, ಮೇಲೆ ಅದರದೇ ಸಾಸ್ 1 ಚಮಚ
- ಮೇಯೊನೀಸ್ ಅರ್ಧ ಕಪ್
- ಹಣ್ಣಾದ ಬೆಣ್ಣೆಹಣ್ಣು 2
- ಗಟ್ಟಿ ಟೊಮೆಟೊ 3, ಬಿಳಿ ಈರುಳ್ಳಿ 1, ಕೆಂಪು ಈರುಳ್ಳಿ 1, ಹಾಲಪೆನ್ಯೊ 2, ನಿಂಬೆಹಣ್ಣು 3, ಒಂದು ಹಿಡಿ ಕೊತ್ತಂಬರಿ ಸೊಪ್ಪು
- ವಿನೆಗರ್, ಉಪ್ಪು, ಸಕ್ಕರೆ, ಬೆಳ್ಳುಳ್ಳಿ, ಜೀರಿಗೆ ಪುಡಿ, ಒರೆಗಾನೊ, ಬೆಣ್ಣೆ

ಕೆಲವು ಹೆಸರು ಹೊಸದಿರಬಹುದು. ಹಾಲಪೆನ್ಯೊ ದಪ್ಪ ಸಿಪ್ಪೆಯ ಹಸಿರು ಮೆಣಸಿನಕಾಯಿ. ಡಬ್ಬಿಯ ಮೇಲೆ 'ಜೆ'ಯಿಂದ ಶುರುವಾಗುತ್ತದೆ, ಬಾಯಲ್ಲಿ ಮಾತ್ರ 'ಹಾ'. ಇದೇ ಕಾಯಿ ಗಿಡದಲ್ಲಿ ಕೆಂಪಗೆ ಹಣ್ಣಾದ ಮೇಲೆ ಹೊಗೆಯಲ್ಲಿ ಒಣಗಿಸಿದರೆ ಚಿಪೋಟ್ಲೆ. ಅಡೋಬೊ ಅಂದರೆ ಟೊಮೆಟೊ, ವಿನೆಗರ್, ಬೆಳ್ಳುಳ್ಳಿ, ಮಸಾಲೆ ಸೇರಿದ ಹುಳಿಖಾರದ ಸಾಸ್. ಚಿಪೋಟ್ಲೆಯನ್ನು ಅದರಲ್ಲಿ ಮುಳುಗಿಸಿ ಡಬ್ಬಿಯಲ್ಲಿ ಮಾರುತ್ತಾರೆ. ಗ್ವಾಕಮೋಲೆ ಬೆಣ್ಣೆಹಣ್ಣಿನ, ಅಂದರೆ ಅವಕಾಡೊದ ಗೊಜ್ಜು. ಅವಕಾಡೊ, ಟೊಮೆಟೊ, ಚಿಲ್ಲಿ, ಚಿಪೋಟ್ಲೆ, ಗ್ವಾಕಮೋಲೆ ಈ ಐದೂ ಹೆಸರು ಅಸ್ಟೆಕ್ ಜನರ ನಾಹುವಾತ್ಲ್ ಭಾಷೆಯವು. ಅಂದರೆ ಈ ಬರ್ಗರ್‌ನ ಅರ್ಧ ಪಟ್ಟಿ ಆ ಭಾಷೆಯಿಂದಲೇ ಬಂದಿದೆ.

ಎಚ್ಚರ: ಎರಡು ಬಗೆಯ 'ಚಿಲ್ಲಿ ಪೌಡರ್'. ಅಮೆರಿಕದ ಅಡುಗೆ ಪುಸ್ತಕದಲ್ಲಿ "ಎರಡು ದೊಡ್ಡ ಚಮಚ ಚಿಲ್ಲಿ ಪೌಡರ್" ಅಂತಿದ್ದರೆ ಗಾಬರಿಯಾಗಬೇಡಿ, ಹಾಗೇ ಸುರಿಯಲೂ ಬೇಡಿ. ಅಲ್ಲಿ ಅದು ಕಡಿಮೆ ಖಾರದ ಮೆಣಸಿನಕಾಯಿ, ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಸೇರಿಸಿದ ಮಸಾಲೆ ಪುಡಿ. ಬರೀ ಖಾರದ ಮೆಣಸಿನ ಪುಡಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ಯಾರೂ ತಿನ್ನಲಾರರು.

ಚೀಸ್ ಆರಿಸುವುದು

ಇಲ್ಲಿ ಸ್ವಲ್ಪ ನಿಲ್ಲೋಣ. "ಅಸಲಿ ಮೆಕ್ಸಿಕನ್ ಚೀಸ್ ತಂದೆ, ಕರಗಲೇ ಇಲ್ಲ" ಎನ್ನುವುದು ಎರಡನೇ ದೊಡ್ಡ ದೂರು. ಮೆಕ್ಸಿಕೋದ ಚೀಸ್‌ಗಳಲ್ಲಿ ಕರಗುವವು ಬೇರೆ, ಕರಗದವು ಬೇರೆ. ಕೇಸೊ ಫ್ರೆಸ್ಕೊ, ಪನೇಲಾ ಇವು ತಾಜಾ ಚೀಸ್‌ಗಳು. ಎಷ್ಟು ಬಿಸಿ ಮಾಡಿದರೂ ಮೆತ್ತಗಾಗುತ್ತವೆ ಅಷ್ಟೇ, ಹರಿಯುವುದಿಲ್ಲ. ಕೊತೀಹಾ ಗಟ್ಟಿ, ಉಪ್ಪುಪ್ಪು, ಪುಡಿಪುಡಿ. ಅದನ್ನು ಮೇಲೆ ಉದುರಿಸುವುದೇ ಸರಿ.

ಕರಗಬೇಕಾದರೆ ಓಹಾಕಾ ಚೀಸ್ ಹುಡುಕಿ. ಮೊಜ್ಜರೆಲ್ಲಾದ ಹಾಗೆ ಹಾಲಿನ ಗಟ್ಟಿಯನ್ನು ಬಿಸಿನೀರಲ್ಲಿ ಎಳೆದೆಳೆದು ಮಾಡುತ್ತಾರೆ, ಆಮೇಲೆ ಪಟ್ಟಿಗಳನ್ನು ನೂಲಿನ ಉಂಡೆಯಂತೆ ಸುತ್ತುತ್ತಾರೆ. ಎಳೆಎಳೆಯಾಗಿ ಬಿಡಿಸಿ ಹಾಕಬೇಕು. ಇನ್ನೊಂದು ಚಿವಾವಾ ಚೀಸ್. 1920ರ ದಶಕದಲ್ಲಿ ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ನೆಲೆಸಿದ ಮೆನೊನೈಟ್ ಎಂಬ ಕ್ರೈಸ್ತ ಪಂಥದವರು ಮಾಡತೊಡಗಿದ್ದು, ಬೆಣ್ಣೆಯಂಥ ರುಚಿ. ಎರಡೂ ಸಿಗದಿದ್ದರೆ ಮಾಂಟೆರೆ ಜ್ಯಾಕ್ ಇದೆ, ಅದು ಕ್ಯಾಲಿಫೋರ್ನಿಯಾದ ಚೀಸ್. ಮೆಣಸಿನಕಾಯಿ ಸೇರಿಸಿದರೆ ಅದೇ ಪೆಪ್ಪರ್ ಜ್ಯಾಕ್. ಎಳೆಯ ಚೆಡ್ಡಾರ್ ಅಥವಾ ಮೊಜ್ಜರೆಲ್ಲಾ ಆದರೂ ನಡೆಯುತ್ತದೆ. ಮೊಜ್ಜರೆಲ್ಲಾ ತರುವುದಾದರೆ ನೀರಲ್ಲಿ ಮುಳುಗಿಸಿ ಕೊಡುವ ತಾಜಾ ಉಂಡೆ ಬೇಡ, ಮತ್ತದೇ ನೀರಿನ ತಕರಾರು.

ತುರಿದ ಚೀಸಿನ ಪ್ಯಾಕೆಟ್ ತರಬೇಡಿ. ತುರಿ ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಹಚ್ಚಿರುತ್ತಾರೆ. ಕರಗುವಾಗ ತರಿತರಿ ಆಗುತ್ತದೆ. ಗಟ್ಟಿ ತಂದು ಮನೆಯಲ್ಲೇ ತುರಿಯಿರಿ.

ನನ್ನ ಮಟ್ಟಿಗೆ ಒಂದು ಕರಗುವ ಚೀಸ್, ಮೇಲೊಂದು ಚಿಟಿಕೆ ಕೊತೀಹಾ. ಅದಕ್ಕಿಂತ ಜಾಸ್ತಿ ಬೇಡ.

ಹಂತ 1: ಈರುಳ್ಳಿ ನೆನೆಹಾಕುವುದು

ಮೊದಲು ಇದನ್ನೇ ಮಾಡಿ, ಯಾಕೆಂದರೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ಹಿಂದಿನ ದಿನ ಮಾಡಿಟ್ಟರೆ ಇನ್ನೂ ಒಳ್ಳೆಯದು. ಕೆಂಪು ಈರುಳ್ಳಿಯನ್ನು ತೆಳ್ಳಗೆ ಸೀಳಿ. ಅರ್ಧ ಕಪ್ ವಿನೆಗರ್, ಅರ್ಧ ಕಪ್ ಬಿಸಿನೀರು, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಸಕ್ಕರೆ ಕಲಸಿ ಈರುಳ್ಳಿಯ ಮೇಲೆ ಸುರಿಯಿರಿ. ಸ್ವಲ್ಪ ಹೊತ್ತಿಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೆಕ್ಸಿಕೋದ ಯುಕತಾನ್ ಕಡೆ ವಿನೆಗರ್ ಬದಲು ಹುಳಿ ಕಿತ್ತಳೆಯ ರಸ ಬಳಸುತ್ತಾರೆ. ಬಳಸುವ ಮುಂಚೆ ಕೈಯಲ್ಲಿ ಹಿಂಡಿ ತೆಗೆಯಬೇಕು, ಮರೆಯಬೇಡಿ.

ಹಂತ 2: ಚಿಪೋಟ್ಲೆ ಮೇಯೊ

ಎರಡು ಚಿಪೋಟ್ಲೆಯನ್ನು ನುಣ್ಣಗೆ ಕೊಚ್ಚಿ, ಒಂದು ಚಮಚ ಅಡೋಬೊ ಸಾಸ್, ಅರ್ಧ ಕಪ್ ಮೇಯೊನೀಸ್, ಒಂದು ಟೀ ಚಮಚ ನಿಂಬೆರಸ ಸೇರಿಸಿ ಕಲಸಿ. ಕಲಸಿದ ಕೂಡಲೇ ಖಾರ ಸಾಲದು ಅನ್ನಿಸುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ರುಚಿ ನೋಡಿ, ಖಾರ ಏರಿರುತ್ತದೆ. ತೆಳುವಾಯಿತೆಂದು ಕಂಡರೆ ಇನ್ನೆರಡು ಚಮಚ ಮೇಯೊ ಹಾಕಿ. ಈ ಸಾಸ್ ಚಮಚದಿಂದ ಹರಿಯಬಾರದು, ತೊಟ್ಟಿಕ್ಕಬೇಕು.

ಹಂತ 3: ಪಿಕೊ ದೆ ಗಾಯೊ

ಹೆಸರಿನ ಅರ್ಥ 'ಹುಂಜದ ಕೊಕ್ಕು'. ಬೇಯಿಸದೆ, ರುಬ್ಬದೆ, ಹಸಿಯಾಗಿಯೇ ಹೆಚ್ಚಿ ಮಾಡುವ ಸಾಲ್ಸಾ. ಟೊಮೆಟೊ ಅಡ್ಡಕ್ಕೆ ಕತ್ತರಿಸಿ, ಬೀಜ ಮತ್ತು ಲೋಳೆಯನ್ನು ಚಮಚದಲ್ಲಿ ತೋಡಿ ತೆಗೆಯಿರಿ. ತಿರುಳನ್ನು ಮಾತ್ರ ಸಣ್ಣಗೆ ಹೆಚ್ಚಿ. ಅರ್ಧ ಟೀ ಚಮಚ ಉಪ್ಪು ಬೆರೆಸಿ ಜಾಲರಿಯಲ್ಲಿ 15 ನಿಮಿಷ ಬಿಡಿ. ಕೆಳಗಿನ ಬಟ್ಟಲಲ್ಲಿ ಎಷ್ಟು ನೀರು ಸೇರುತ್ತದೆ ನೋಡಿ! ಸುಮ್ನೆ ಬಿಟ್ಟಿದ್ದರೆ ಅಷ್ಟೂ ನಿಮ್ಮ ಬನ್ನಿಗೆ ಇಳಿಯುತ್ತಿತ್ತು.

ಆಮೇಲೆ ಬಿಳಿ ಈರುಳ್ಳಿ ಅರ್ಧ, ಹಾಲಪೆನ್ಯೊ ಒಂದು, ಕೊತ್ತಂಬರಿ ಸೊಪ್ಪು ಎಲ್ಲ ಸಣ್ಣಗೆ ಹೆಚ್ಚಿ ಸೇರಿಸಿ. ನಿಂಬೆರಸ ಒಂದೇ ಚಮಚ ಸಾಕು.

ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಜಗ್ಗುವುದಿಲ್ಲ. ಮೊದಲು ಕೈಗೆ ಸ್ವಲ್ಪ ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಖಾರ ಕಡಿಮೆ ಬೇಕಾದರೆ ಕಾಯಿಯ ಒಳಗಿನ ಬಿಳಿ ನಾರನ್ನು ಕೆರೆದು ತೆಗೆಯಬೇಕು. ಖಾರ ಜಾಸ್ತಿ ಇರುವುದು ಅಲ್ಲೇ. ಬೀಜವನ್ನಷ್ಟೇ ತೆಗೆದರೆ ದೊಡ್ಡ ವ್ಯತ್ಯಾಸವಾಗುವುದಿಲ್ಲ.

ಹಂತ 4: ಬೀನ್ಸ್

ಈ ಬರ್ಗರ್‌ನ ಗುಟ್ಟು ಇದು. ಮೆಕ್ಸಿಕೋದಲ್ಲಿ 'ತೋರ್ತಾ' ಅನ್ನುವ ಸ್ಯಾಂಡ್‌ವಿಚ್ ಇದೆ. ಅದರ ಬ್ರೆಡ್ಡಿನ ಒಳಮೈಗೆ ಬೀನ್ಸ್ ಪೇಸ್ಟ್ ಸವರುವುದು ರೂಢಿ. ರುಚಿ ಒಂದು ಲಾಭವಾದರೆ, ಬ್ರೆಡ್ಡಿಗೂ ಒದ್ದೆ ಪದಾರ್ಥಕ್ಕೂ ನಡುವೆ ಗಾರೆ ಹಚ್ಚಿದ ಹಾಗಾಗುವುದು ಇನ್ನೊಂದು. ಅದೇ ಉಪಾಯವನ್ನು ನಾವು ಬನ್ನಿಗೆ ಬಳಸೋಣ.

ಕಾವಲಿಯಲ್ಲಿ ಎರಡು ಚಮಚ ಎಣ್ಣೆ ಬಿಸಿ ಮಾಡಿ, ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಬೇಯಿಸಿದ ಬೀನ್ಸ್ ಹಾಕಿ ಮಸೆಯುತ್ತಾ ಹುರಿಯಿರಿ. ಸೌಟಿನಿಂದ ಗೀರೆಳೆದರೆ ಆ ಗೀರು ಕೂಡಿಕೊಳ್ಳದೆ ಹಾಗೇ ಉಳಿಯಬೇಕು. ಅಷ್ಟು ಗಟ್ಟಿ ಬೇಕು. ಇದಕ್ಕೆ ಫ್ರಿಹೋಲೆಸ್ ರೆಫ್ರಿತೊಸ್ ಅನ್ನುತ್ತಾರೆ. 'ರಿಫ್ರೈಡ್ ಬೀನ್ಸ್' ಅನ್ನುವ ಇಂಗ್ಲಿಷ್ ಹೆಸರು ಕೇಳಿ ಎರಡು ಸಲ ಹುರಿಯಬೇಕು ಅಂದುಕೊಳ್ಳುವವರಿದ್ದಾರೆ. ಸ್ಪ್ಯಾನಿಷ್‌ನಲ್ಲಿ ಆ 'ರೆ'ಗೆ 'ಚೆನ್ನಾಗಿ' ಅನ್ನುವ ಅರ್ಥ, ಒಂದೇ ಸಲ ಸಾಕು.

ಒಣ ಬೀನ್ಸ್‌ನಿಂದ ಶುರು ಮಾಡುವವರು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಸಿದ ಮೇಲೆಯೇ ಉರಿ ಇಳಿಸಿ ಬೇಯಿಸಿ. ಅರೆಬೆಂದ ಬೀನ್ಸ್, ಅದರಲ್ಲೂ ಕೆಂಪು ಕಿಡ್ನಿ ಬೀನ್ಸ್, ಹೊಟ್ಟೆ ಕೆಡಿಸುತ್ತದೆ.

ಹಂತ 5: ಪ್ಯಾಟಿ

ಪ್ಯಾಟಿ ಅಂದರೆ ತಟ್ಟಿದ ಖೀಮಾದ ಬಿಲ್ಲೆ. ಬೀಫ್ ಇದರ ಮೂಲ. ಕುರಿಮಾಂಸವೂ ಚೆನ್ನಾಗಿ ಹೊಂದುತ್ತದೆ. ಕೋಳಿಯಾದರೆ ತೊಡೆಯ ಮಾಂಸ ತೆಗೆದುಕೊಳ್ಳಿ, ಎದೆಯ ಮಾಂಸ ಒಣಕಲಾಗುತ್ತದೆ.

ಇಲ್ಲಿ ಆಗುವ ತಪ್ಪುಗಳು ಮೂರು. ಮೊದಲನೆಯದು, ಉಪ್ಪನ್ನು ಖೀಮಾಕ್ಕೆ ಕಲಸಿಡುವುದು. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುತ್ತದೆ. ಬೆಂದಾಗ ಬಾಯಿಗೆ ಸಾಸೇಜಿನಂತೆ ಪುಟಿಯುತ್ತದೆ. ಉಪ್ಪು ಕಾವಲಿಗೆ ಹಾಕುವ ಕ್ಷಣದಲ್ಲಿ, ಹೊರಮೈಗೆ ಮಾತ್ರ. ಎರಡನೆಯದು, ಹಸಿ ಈರುಳ್ಳಿ, ಸೊಪ್ಪು, ಸಾಲ್ಸಾ ಎಲ್ಲ ಖೀಮಾದೊಳಗೆ ತುರುಕುವುದು. ನೀರು ಬಿಟ್ಟುಕೊಂಡು ಪ್ಯಾಟಿ ಒಡೆಯುತ್ತದೆ. ಮೂರನೆಯದು, ನಾದುವುದು. ಹಿಟ್ಟಲ್ಲ ಅದು, ಬೆರಳ ತುದಿಯಲ್ಲಿ ಸೇರಿಸಿದರೆ ಸಾಕು.

600 ಗ್ರಾಂ ಖೀಮಾಕ್ಕೆ ಅರ್ಧ ಟೀ ಚಮಚ ಜೀರಿಗೆ ಪುಡಿ, ಒಂದು ಟೀ ಚಮಚ ಒರೆಗಾನೊ ಉದುರಿಸಿ ಹಗುರವಾಗಿ ಬೆರೆಸಿ. ಮೆಕ್ಸಿಕನ್ ಒರೆಗಾನೊ ಸಿಕ್ಕರೆ ಬಿಡಬೇಡಿ. ಹೆಸರು ಒಂದೇ ಆದರೂ ಗಿಡದ ಕುಟುಂಬವೇ ಬೇರೆ, ಅದರಲ್ಲಿ ಸ್ವಲ್ಪ ನಿಂಬೆಯ ಘಮ ಇರುತ್ತದೆ. ಇನ್ನೂ ಗಾಢ ರುಚಿ ಬೇಕೆನ್ನುವವರು 450 ಗ್ರಾಂ ಖೀಮಾಕ್ಕೆ 150 ಗ್ರಾಂ ಮೆಕ್ಸಿಕನ್ ಚೊರೀಸೊ ಸೇರಿಸಬಹುದು. ಅದು ಮೆಣಸಿನಕಾಯಿ, ವಿನೆಗರ್ ಬೆರೆಸಿದ ಹಸಿ ಸಾಸೇಜ್. ಹೊರಗಿನ ಪೊರೆ ತೆಗೆದು ಬಳಸಬೇಕು. ಒಣಗಿಸಿ ಗಟ್ಟಿಯಾದ ಸ್ಪೇನ್ ದೇಶದ ಚೊರೀಸೊ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೊರೀಸೊದಲ್ಲಿ ಉಪ್ಪಿರುತ್ತದೆ, ಹೊರಗೆ ಹಾಕುವಾಗ ಕೈ ಹಿಡಿಯಿರಿ.

ನಾಲ್ಕು ಪಾಲು ಮಾಡಿ, ತಲಾ 150 ಗ್ರಾಂ. ಬನ್ನಿಗಿಂತ ಎರಡು ಸೆಂಟಿಮೀಟರ್ ಅಗಲವಾಗಿ ತಟ್ಟಿ, ಬೇಯುವಾಗ ಕುಗ್ಗುತ್ತದೆ. ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ ಒತ್ತಿ. ಇಲ್ಲದಿದ್ದರೆ ಅಂಚು ಬಿಗಿದುಕೊಂಡಾಗ ನಡು ಚೆಂಡಿನಂತೆ ಉಬ್ಬುತ್ತದೆ. ಬೇಯಿಸುವವರೆಗೂ ಫ್ರಿಜ್‌ನಲ್ಲಿಡಿ.

ಮಾಂಸ ತಿನ್ನದವರಿಗೆ. ಎರಡು ಕಪ್ ಬೇಯಿಸಿದ ಕಪ್ಪು ಬೀನ್ಸ್ ಅನ್ನು ಟ್ರೇ ಮೇಲೆ ಹರಡಿ 160 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 15 ನಿಮಿಷ ಇಡಿ. ಸಿಪ್ಪೆ ಬಿರಿದು ಹೊರಗೆ ಒಣಗಿದಂತೆ ಕಾಣಬೇಕು. ಬೀನ್ಸ್ ಪ್ಯಾಟಿ ಗೊಜ್ಜಾಗುವುದು ಈ ಕೆಲಸ ಬಿಟ್ಟಿದ್ದಕ್ಕೇ. ಮುಕ್ಕಾಲು ಪಾಲನ್ನು ಮಸೆದು ಉಳಿದದ್ದನ್ನು ಇಡಿಯಾಗಿ ಬಿಡಿ. ಅರ್ಧ ಕಪ್ ಬ್ರೆಡ್ ಪುಡಿ, ಎರಡು ಚಮಚ ಮಾಸಾ ಹರೀನಾ, ಮೇಲಿನ ಮಸಾಲೆ, ಉಪ್ಪು ಸೇರಿಸಿ. ಮಾಸಾ ಹರೀನಾ ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು. ನೀರು ಹೀರಿ ಹಿಡಿದುಕೊಳ್ಳುತ್ತದೆ. ತಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ ಬೇಯಿಸಿ. ಉಪ್ಪಿನ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ, ಒಳಗೇ ಹಾಕಿ.

ಹಂತ 6: ಗ್ವಾಕಮೋಲೆ

ಬೇಯಿಸುವ ಸ್ವಲ್ಪ ಮುಂಚೆ ಮಾಡಿ. ಬೆಣ್ಣೆಹಣ್ಣು ಒತ್ತಿದರೆ ಹದವಾಗಿ ಬಗ್ಗಬೇಕು. ಫೋರ್ಕ್‌ನಲ್ಲಿ ಒರಟಾಗಿ ಮಸೆದು, ಉಪ್ಪು, ಎರಡು ಟೀ ಚಮಚ ನಿಂಬೆರಸ, ಎರಡು ಚಮಚ ಸಣ್ಣಗೆ ಹೆಚ್ಚಿದ ಬಿಳಿ ಈರುಳ್ಳಿ ಸೇರಿಸಿ. ಟೊಮೆಟೊ ಬೇಡ, ಅದು ಪಿಕೊದಲ್ಲಿ ಇದೆಯಲ್ಲ. ಮಿಕ್ಸಿಗೆ ಹಾಕಿದರೆ ತೆಳ್ಳಗಾಗಿ ಬನ್ನಿನಿಂದ ಜಾರುತ್ತದೆ.

ಕಪ್ಪಾಗುವುದು ಗಾಳಿ ತಾಗಿ. ಬೀಜವನ್ನು ನಡುವೆ ಇಟ್ಟರೆ ಕಪ್ಪಾಗುವುದಿಲ್ಲ ಅನ್ನುವುದನ್ನು ನಂಬಬೇಡಿ. ಬೀಜ ಮುಚ್ಚಿದಷ್ಟು ಜಾಗಕ್ಕೆ ಗಾಳಿ ತಾಗುವುದಿಲ್ಲ, ಅಷ್ಟೇ. ಪ್ಲಾಸ್ಟಿಕ್ ಹಾಳೆಯನ್ನು ಗೊಜ್ಜಿನ ಮೈಗೇ ಅಂಟುವಂತೆ ಒತ್ತಿಡಿ.

ಹಂತ 7: ಬನ್ ಕಾಯಿಸುವುದು

ಬನ್ನಿನ ಒಳಮೈಗೆ ಬೆಣ್ಣೆ ಸವರಿ ಒಣ ಕಾವಲಿಯ ಮೇಲೆ ಕವುಚಿ ಹಾಕಿ. ಹೊಂಬಣ್ಣಕ್ಕೆ ಬಂದು ಗರಿಯಾಗಬೇಕು. ಇದನ್ನು ಬಿಟ್ಟರೆ ಮೇಲಿನ ಶ್ರಮವೆಲ್ಲ ದಂಡ. ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ತೋರ್ತಾ ಅಹೊಗಾದಾ ಅಂತ ಸಾಸಿನಲ್ಲೇ ಮುಳುಗಿಸಿ ಕೊಡುವ ಸ್ಯಾಂಡ್‌ವಿಚ್ ಇದೆ, ನಿಜ. ಆದರೆ ಅದಕ್ಕೆ ಬಿರೋತೆ ಅನ್ನುವ ಗಟ್ಟಿ ಹೊರಪದರದ ಬ್ರೆಡ್ ಬೇಕು. ಮೆತ್ತನೆ ಬರ್ಗರ್ ಬನ್ನಿನ ಮೇಲೆ ಆ ಪ್ರಯೋಗ ಬೇಡ.

ಹಂತ 8: ಬೇಯಿಸುವುದು

ದಪ್ಪ ಕಬ್ಬಿಣದ ಕಾವಲಿ ಇದ್ದರೆ ಒಳ್ಳೆಯದು. ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ತೆಳುವಾಗಿ ಎಣ್ಣೆ ಸವರಿ. ನಾನ್‌ಸ್ಟಿಕ್ ಆದರೆ ಬರಿದಾಗಿ ಅಷ್ಟು ಕಾಯಿಸಬಾರದು, ಮಧ್ಯಮ ಉರಿ ಸಾಕು. ಪ್ಯಾಟಿಯ ಮೈ ಒದ್ದೆಯಾಗಿದ್ದರೆ ಪೇಪರಿನಲ್ಲಿ ಒತ್ತಿ ತೆಗೆಯಿರಿ. ನೀರು ಆವಿಯಾಗಿ ಹೋಗುವವರೆಗೂ ಮಾಂಸ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಉಪ್ಪು ಹಾಕಿ, ಗುಳಿ ಮೇಲಿರುವಂತೆ ಇಡಿ. ಎರಡೆರಡೇ ಬೇಯಿಸಿ. ನಾಲ್ಕೂ ಒಟ್ಟಿಗೆ ತುಂಬಿದರೆ ಕಾವು ಇಳಿದುಬಿಡುತ್ತದೆ.

ಮೂರರಿಂದ ನಾಲ್ಕು ನಿಮಿಷ ಮುಟ್ಟಬೇಡಿ. ಕೆಳಗೆ ಕಂದು ಹೊರಪದರ ಕಟ್ಟಿದ ಮೇಲೆ ಅದು ತಾನಾಗಿ ಕಾವಲಿ ಬಿಡುತ್ತದೆ. ಮಗುಚಿ. ಸೌಟಿನಿಂದ ಒತ್ತಬೇಡಿ! ಚುಂಯ್ ಅನ್ನುವ ಆ ಸದ್ದು ಕಿವಿಗೆ ಚೆಂದ, ಆದರೆ ಹೊರಗೆ ಹೋಗುತ್ತಿರುವುದು ನಿಮ್ಮ ಪ್ಯಾಟಿಯ ರಸ. ಇಲ್ಲಿ ಮಾತ್ರ ನೀರು ಒಳಗೇ ಉಳಿಯಬೇಕು.

ಇನ್ನೆರಡು ನಿಮಿಷವಾದ ಮೇಲೆ ಚೀಸ್ ಇಡಿ. ಜಾಸ್ತಿ ಕೊಬ್ಬು ನಿಂತಿದ್ದರೆ ಮೊದಲು ಚಮಚದಲ್ಲಿ ತೆಗೆಯಿರಿ. ಆಮೇಲೆ ಕಾವಲಿಯ ಅಂಚಿನಲ್ಲಿ ಒಂದೇ ಒಂದು ಚಮಚ ನೀರು ಬಿಟ್ಟು ತಕ್ಷಣ ಮುಚ್ಚಳ ಹಾಕಿ. ಬಿಸಿ ಕೊಬ್ಬಿನ ಮೇಲೆ ನೀರು ಬಿದ್ದರೆ ಸಿಡಿಯುತ್ತದೆ, ಮುಖ ದೂರವಿರಲಿ. 40ರಿಂದ 60 ಸೆಕೆಂಡಿನಲ್ಲಿ ಆವಿಗೆ ಚೀಸ್ ಕರಗಿ ಅಂಚಿಗೆ ಇಳಿಯುತ್ತದೆ.

ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಲಾಗುವುದಿಲ್ಲ. ಅಡುಗೆ ಥರ್ಮಾಮೀಟರ್ ಅನ್ನು ಪಕ್ಕದಿಂದ ನಡುವಿಗೆ ಚುಚ್ಚಿ. ಬೀಫ್, ಕುರಿಗೆ 71 ಡಿಗ್ರಿ, ಕೋಳಿಗೆ 74 ಡಿಗ್ರಿ ಸೆಲ್ಸಿಯಸ್ ಬಂದಿರಬೇಕು. ಇಡಿ ಮಾಂಸದ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕೊಚ್ಚಿದಾಗ ಒಳಗೂ ಸೇರಿಕೊಳ್ಳುತ್ತವೆ. ಅದಕ್ಕೇ ಖೀಮಾವನ್ನು ಅರೆಬೇಯಿಸಿ ತಿನ್ನಬಾರದು.

ಚೀಸ್ ಇನ್ನಷ್ಟು ಬೇಕೆನ್ನುವವರಿಗೆ ಒಂದು ಆಟ. ಮೆಕ್ಸಿಕೋ ನಗರದ ಟಾಕೊ ಅಂಗಡಿಗಳಲ್ಲಿ 'ಕೊಸ್ತ್ರಾ' ಮಾಡುತ್ತಾರೆ, ಅಂದರೆ ಚೀಸಿನ ಹಪ್ಪಳೆ. ನಾನ್‌ಸ್ಟಿಕ್ ಕಾವಲಿಯ ಮೇಲೆ ಒಂದು ಹಿಡಿ ತುರಿದ ಚೀಸ್ ಹರಡಿ, ಕೆಳಗೆ ಕೆಂಪಗೆ ಗರಿಯಾಗುವವರೆಗೆ ಬಿಡಿ. ಅದನ್ನು ಎತ್ತಿ ಪ್ಯಾಟಿಯ ಮೇಲೆ ಹೊದಿಸಿ. ಒಂದು ಪದರ ಕರಗಿದ್ದು, ಒಂದು ಪದರ ಗರಿಗರಿ.

ಹಂತ 9: ಜೋಡಿಸುವುದು

ಪ್ಯಾಟಿಯನ್ನು ಎರಡು ನಿಮಿಷ ತಟ್ಟೆಯಲ್ಲಿ ಬಿಟ್ಟು ಆಮೇಲೆ ಬನ್ನಿಗೆ ಏರಿಸಿ. ಬಿಡುವ ರಸ ತಟ್ಟೆಗೆ ಬೀಳಲಿ. ಕ್ರಮ ಹೀಗಿರಲಿ: ಕೆಳಗಿನ ಬನ್, ಅದರ ಮೇಲೆ ಅಂಚಿನವರೆಗೂ ಬೀನ್ಸ್, ಚೀಸ್ ಕರಗಿದ ಪ್ಯಾಟಿ, ಒಂದೂವರೆ ಚಮಚ ಪಿಕೊ, ಹಿಂಡಿದ ಈರುಳ್ಳಿ, ಇಷ್ಟವಿದ್ದರೆ ಉಳಿದ ಹಾಲಪೆನ್ಯೊವಿನ ನಾಲ್ಕು ಬಿಲ್ಲೆ, ಕೊತೀಹಾ. ಮೇಲಿನ ಬನ್ನಿಗೆ ಚಿಪೋಟ್ಲೆ ಮೇಯೊ ಸವರಿ, ಅದರ ಮೇಲೆ ಗ್ವಾಕಮೋಲೆ ಹಚ್ಚಿ ಕವುಚಿ. ಮೇಯೊದಲ್ಲಿ ಎಣ್ಣೆಯೇ ಜಾಸ್ತಿ, ಅದು ಮೇಲಿನ ಬನ್ ಕಾಯುತ್ತದೆ. ಪಿಕೊ ಬ್ರೆಡ್ಡಿಗೆ ಎಲ್ಲೂ ತಾಗದಿರಲಿ, ಅದರ ಜಾಗ ಚೀಸಿನ ಮೇಲೆ.

ಎಲ್ಲವೂ ಇದೆ ಅಂತ ಎಲ್ಲವನ್ನೂ ಗುಡ್ಡೆ ಹಾಕಬೇಡಿ. ಬಾಯಿ ತೆರೆದಷ್ಟೇ ಎತ್ತರ. ಉಳಿದ ಪಿಕೊ ಪಕ್ಕದಲ್ಲಿ ಬಟ್ಟಲಿನಲ್ಲಿಟ್ಟರೆ ಬೇಕಾದವರು ಹಾಕಿಕೊಳ್ಳುತ್ತಾರೆ. ಜೋಡಿಸಿದ ಐದು ನಿಮಿಷದೊಳಗೆ ತಿನ್ನಬೇಕು, ಆದ್ದರಿಂದ ಎಲ್ಲರೂ ಕೂತ ಮೇಲೆಯೇ ಜೋಡಿಸಿ.

ಉಳಿದದ್ದು

ಪಿಕೊ ಮರುದಿನಕ್ಕೆ ಮತ್ತೆ ನೀರು ಬಿಟ್ಟಿರುತ್ತದೆ, ಸೋಸಿ ಬಳಸಿ. ಈರುಳ್ಳಿ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ತಟ್ಟಿದ ಹಸಿ ಪ್ಯಾಟಿಗಳ ನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರ್‌ಗೆ ಹಾಕಬಹುದು. ಚಿಪೋಟ್ಲೆ ಡಬ್ಬಿ ತೆರೆದರೆ ಎರಡು ಕಾಯಿ ತೆಗೆದು ಉಳಿದದ್ದನ್ನು ಮರೆತುಬಿಡುವುದೇ ಜಾಸ್ತಿ, ಅಲ್ವಾ? ಅದನ್ನು ಡಬ್ಬಿಯಲ್ಲೇ ಬಿಡಬೇಡಿ. ಸಾಸ್ ಸಮೇತ ರುಬ್ಬಿ, ಐಸ್ ಟ್ರೇಯಲ್ಲಿ ಒಂದೊಂದು ಚಮಚ ಹಾಕಿ ಗಟ್ಟಿ ಮಾಡಿ, ಮುಚ್ಚಿದ ಡಬ್ಬಕ್ಕೆ ತುಂಬಿ ಫ್ರೀಜರ್‌ನಲ್ಲೇ ಇಡಿ. ಮುಂದಿನ ಸಲ ಅರ್ಧ ಕಪ್ ಮೇಯೊಗೆ ಎರಡು ತುಂಡು ಲೆಕ್ಕ.